ಚಳಿಗೆ ಡೀಸೆಲ್ ಕಾರು ಚಾಲೂ ಆಗದಿದ್ದರೆ, ಬಿಸಿ ಎಂಜಿನ್ ತಗೊಂಡು ಸರ್ವಿಸ್ ಸೆಂಟರ್‌ಗೆ ಹೋಗಬೇಡಿ

ವಾರಂಟಿಯಲ್ಲಿರುವ ಡೀಸೆಲ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ನಮ್ಮ ಬೆಳಗಾವಿ, ಖಾನಾಪುರ, ವಿಜಯಪುರ ಕಡೆಯವರು, ಚಳಿಗಾಲ ಬಂತೆಂದರೆ ಮುಂಜಾನೆ ಗಾಡಿ ಜೊತೆ ಗುದ್ದಾಡುವವರು. ನನಗೆ ಹದಿನಾಲ್ಕು ಸಾವಿರದ ಹತ್ತಿರ ದುಡ್ಡು ಹೋಯಿತು, ಎರಡು ತಿಂಗಳ ನೆಮ್ಮದಿ ಹೋಯಿತು, ಮೇಲೆ ವಾರಂಟಿಯೂ ಕೈತಪ್ಪಿತು. ಕೊನೆಗೆ ನೋಡಿದರೆ ಕೆಟ್ಟಿದ್ದು ಬೆರಳುದ್ದದ ಒಂದು ಸೆನ್ಸರ್.

ಕಾರು ತಗೊಂಡಿದ್ದು 2022ರ ಜನವರಿಯಲ್ಲಿ. ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಎರಡು ಮುಕ್ಕಾಲು ವರ್ಷ ಒಂದು ದಿನವೂ ಕಾಟ ಕೊಡಲಿಲ್ಲ. 2024ರ ನವೆಂಬರ್ ಕೊನೆಯ ವಾರ, ಅಪ್ಪನ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೊರಟಿದ್ದೆವು. ಎಂಟೂವರೆಗೆ ಅಲ್ಲಿರಬೇಕಿತ್ತು, ಹಾಗಾಗಿ ಆರು ಗಂಟೆಗೇ ಅಪ್ಪನನ್ನು ಶಾಲು ಹೊದಿಸಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಹಿಂದವಾಡಿಯ ನಮ್ಮ ಮನೆಗೆ ಶೆಡ್ ಇಲ್ಲ, ಗಾಡಿ ರಾತ್ರಿಯಿಡೀ ಬಯಲಲ್ಲೇ ನಿಲ್ಲುತ್ತದೆ. ಸೆಲ್ಫ್ ಹೊಡೆದೆ. ಎಂಜಿನ್ ಜೋರಾಗಿಯೇ ತಿರುಗಿತು, ಆದರೆ ಹಿಡಿಯಲಿಲ್ಲ. ಇನ್ನೊಮ್ಮೆ ಹೊಡೆದೆ, ಇಲ್ಲ. ಮೂರನೇ ಸಲ ಇಡೀ ಗಾಡಿ ಗಡಗಡ ನಡುಗಿ ಹಿಡಿಯಿತು. ಹಿಂದೆ ಬಿಳಿ ಹೊಗೆ ಎಷ್ಟು ಬಂತೆಂದರೆ ಪಕ್ಕದ ಮನೆಯ ಗೇಟು ಕಾಣಲಿಲ್ಲ, ಹಸಿ ಡೀಸೆಲ್ ವಾಸನೆಗೆ ಕಣ್ಣು ಉರಿಯಿತು. ಎರಡು ನಿಮಿಷ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ನುಣ್ಣಗೆ ಓಡತೊಡಗಿತು. ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಕೀಲಿ ತಿರುಗಿಸಿದ ಕೂಡಲೇ ಚಾಲೂ. ಮರುದಿನ ಮುಂಜಾನೆ ಮತ್ತೆ ಅದೇ ಕತೆ.

ಈಗ ನಾನು ಮಾಡಿದ ಮೊದಲ ತಪ್ಪು ಹೇಳುತ್ತೇನೆ. ಸಂತೆ, ಬ್ಯಾಂಕು ಎಲ್ಲ ಮುಗಿಸಿಕೊಂಡು ಹನ್ನೊಂದು ಗಂಟೆಗೆ ಸರ್ವಿಸ್ ಸೆಂಟರ್‌ಗೆ ಹೋದೆ. ಅಲ್ಲಿಯ ಅಡ್ವೈಸರ್ ಕೀಲಿ ತಿರುಗಿಸಿದರು, ಗಾಡಿ ಅರೆಕ್ಷಣದಲ್ಲಿ ಚಾಲೂ ಆಯಿತು. ಆಗದೇ ಇರುತ್ತದೆಯೇ? ಎಂಜಿನ್ ಕಾದಿತ್ತು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರು, ದೋಷ ತೋರಿಸುವ ಎರರ್ ಕೋಡ್ ಒಂದೂ ಇಲ್ಲ. "ಏನೂ ತೊಂದರೆ ಇಲ್ಲ ಸರ್, ಚಳಿಗೆ ಡೀಸೆಲ್ ಸ್ವಲ್ಪ ಗಟ್ಟಿಯಾಗ್ತದೆ" ಎಂದರು. ನಾನು ನಂಬಿದೆ. ಗಾಡಿಯ ದೂರು, ಮಾಡುವ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡ್‌ಗೆ ಓದದೆ ಸಹಿ ಹಾಕಿದೆ. ಅದರಲ್ಲಿ ಬರೆದಿದ್ದು 'ಜನರಲ್ ಚೆಕಪ್' ಅಂತ ಮಾತ್ರ. ಈ ಎರಡು ಪದ ಮುಂದೆ ನನಗೆ ಎಷ್ಟು ದುಬಾರಿಯಾದವು ಎಂಬುದನ್ನು ಆಮೇಲೆ ಹೇಳುತ್ತೇನೆ.

ಡೀಸೆಲ್ ಗಟ್ಟಿಯಾಗುವ ಮಾತು ಸುಳ್ಳಲ್ಲ, ಆದರೆ ಅದು ಆಗುವುದು ಲಡಾಖ್‌ನಂಥ ಕಡೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ನಮ್ಮ ಬೆಳಗಾವಿ ಚಳಿ ಹೆಚ್ಚೆಂದರೆ ಹತ್ತು ಹನ್ನೆರಡು ಡಿಗ್ರಿ. ಈ ಚಳಿಗೆ ಟ್ಯಾಂಕಿನಲ್ಲಿ ಡೀಸೆಲ್ ಮೇಣವಾಗುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ಒಪ್ಪಬೇಡಿ.

ಡಿಸೆಂಬರ್ ಮೊದಲ ವಾರ ಎರಡನೇ ಸಲ ಹೋದೆ. ಬ್ಯಾಟರಿ ವೀಕ್ ಎಂದರು. 7,600 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ, ಹಳೆಯದನ್ನು ಅಲ್ಲೇ ಬಿಟ್ಟು ಬಂದೆ. ಹೀಗಾಗಿ ಅದು ನಿಜವಾಗಿ ಸತ್ತಿತ್ತೋ ಇಲ್ಲವೋ ಬೇರೆ ಕಡೆ ತೋರಿಸುವ ದಾರಿಯೂ ಮುಚ್ಚಿತು. ಮರುದಿನ ಹೊಸ ಬ್ಯಾಟರಿಯಲ್ಲೂ ಅದೇ ಬಿಳಿ ಹೊಗೆ. ಮತ್ತೆ ಫೋನ್ ಮಾಡಿದರೆ ಸ್ಲಾಟ್ ಇಲ್ಲ. ಆಗ ಊರಲ್ಲಿ ಚಳಿಗಾಲದ ಅಧಿವೇಶನ, ಅದರ ಬೆನ್ನಿಗೇ ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಕಾಂಗ್ರೆಸ್ ಅಧಿವೇಶನದ ನೂರನೇ ವರ್ಷದ ಗದ್ದಲ. ಇದೆಲ್ಲ ಮುಗಿಯಲಿ ಸರ್ ಎಂದರು. ನಾನೂ ಸುಮ್ನಾದೆ. ಮೂರನೇ ಸಲ ಗಾಡಿ ಒಳಗೆ ತಗೊಂಡಾಗ ಡಿಸೆಂಬರ್ ಮುಗಿಯಲು ಬಂದಿತ್ತು. ಈ ಸಲ ಹೇಳಿದ್ದು, "ನೀವು ಹಾಕಿಸಿದ ಡೀಸೆಲ್ ಸರಿ ಇಲ್ಲ". ಟ್ಯಾಂಕ್ ಕ್ಲೀನಿಂಗ್, ಫಿಲ್ಟರ್ ಸೇರಿ 6,200. ಕೆಟ್ಟ ಡೀಸೆಲ್‌ನಿಂದಾದ ತೊಂದರೆ ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ಅಂದರೆ ತಪ್ಪು ಡೀಸೆಲ್‌ನದು ಎಂದ ಕೂಡಲೇ ಖರ್ಚು ನಮ್ಮ ತಲೆಗೆ ಬರುತ್ತದೆ. ತೆಗೆದ ಡೀಸೆಲ್ ತೋರಿಸಿ, ಫಿಲ್ಟರ್‌ನಲ್ಲಿ ಬಂದ ನೀರು ತೋರಿಸಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಜನವರಿಯಲ್ಲಿ ಗೆಳೆಯನೊಬ್ಬ ಉದ್ಯಮಬಾಗದ ಒಬ್ಬ ಡೀಸೆಲ್ ಮಿಸ್ತ್ರಿ ಹತ್ತಿರ ಕರೆದುಕೊಂಡು ಹೋದ. ಅವರು ಬಾನೆಟ್ ಕೂಡ ತೆಗೆಯಲಿಲ್ಲ. "ಗಾಡಿ ಕಾದೈತಿ, ಈಗ ನೋಡಿ ಏನೂ ಉಪಯೋಗ ಇಲ್ರಿ. ರಾತ್ರಿ ಇಲ್ಲೇ ಬಿಟ್ಟ ಹೋಗ್ರಿ. ಮುಂಜಾನೆ ನಾ ಬರೋತನಕ ಕೀಲಿ ಯಾರೂ ಮುಟ್ಟಬಾರ್ದು" ಎಂದರು. ಎರಡು ತಿಂಗಳಲ್ಲಿ ಈ ಮಾತು ಹೇಳಿದ ಮೊದಲ ಮನುಷ್ಯ ಅವರು.

ಮರುದಿನ ಆರೂವರೆಗೆ ಹೋದೆ. ಗಾಜಿನ ಮೇಲೆ ಇಬ್ಬನಿ ಹಾಗೇ ಇತ್ತು. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸಿದರು, ಕೀಲಿ ಆನ್ ಮಾಡಿದರು, ಆದರೆ ಸೆಲ್ಫ್ ಹೊಡೆಯಲಿಲ್ಲ. ಎರರ್ ಕೋಡ್ ಕಡೆ ನೋಡಲೇ ಇಲ್ಲ, ನೇರ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣ ಹೇಳುತ್ತಿರುವ ಲೆಕ್ಕ, ತೆಗೆದರು. ಒಳಗೆ ಹೋಗುವ ಗಾಳಿ 13 ಡಿಗ್ರಿ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, 59 ಡಿಗ್ರಿ. ಬಾನೆಟ್ ಎತ್ತಿ ನನ್ನ ಕೈ ಹಿಡಿದು ಎಂಜಿನ್ ಮೇಲೆ ಇಟ್ಟರು. ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. "ಇದು ಐವತ್ತೊಂಬತ್ತು ಡಿಗ್ರಿ ಐತೇನ್ರಿ?" ಎಂದು ಕೇಳಿದರು.

ಸಮಸ್ಯೆ ಪೂರ್ತಿ ಅಲ್ಲೇ ಇತ್ತು. ಡೀಸೆಲ್ ಎಂಜಿನ್‌ಗೆ ಪೆಟ್ರೋಲ್ ಗಾಡಿಯಂತೆ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ ಅದರಲ್ಲಿ ಡೀಸೆಲ್ ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. ಎಂಜಿನ್ ತಣ್ಣಗಿದ್ದರೆ ಆ ಕಾವನ್ನು ಕಬ್ಬಿಣವೇ ಹೀರಿಕೊಳ್ಳುತ್ತದೆ, ಅದಕ್ಕೇ ಹೀಟರ್ ಪ್ಲಗ್ ಇರುವುದು. ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯಂಥ ಹಳದಿ ಗುರುತು ಬರುತ್ತದಲ್ಲ, ಅದು ಇದರದ್ದೇ. ಪ್ಲಗ್ ಎಷ್ಟು ಹೊತ್ತು ಕಾಯಬೇಕು, ಮೊದಲಿಗೆ ಎಷ್ಟು ಡೀಸೆಲ್ ಬಿಡಬೇಕು ಎಂಬುದನ್ನು ಗಾಡಿಯ ಕಂಪ್ಯೂಟರ್ ಕೂಲಂಟ್ ಸೆನ್ಸರ್ ನೋಡಿ ತೀರ್ಮಾನಿಸುತ್ತದೆ. ನನ್ನ ಗಾಡಿಯ ಸೆನ್ಸರ್ 59 ಎಂದು ಸುಳ್ಳು ಹೇಳುತ್ತಿತ್ತು. ಎಂಜಿನ್ ಬಿಸಿ ಇದೆ ಎಂದುಕೊಂಡು ಕಂಪ್ಯೂಟರ್ ಪ್ಲಗ್ ಕಾಯಿಸುತ್ತಿರಲಿಲ್ಲ, ತಣ್ಣನೆಯ ಎಂಜಿನ್‌ಗೆ ಬೇಕಾದಷ್ಟು ಡೀಸೆಲ್ಲೂ ಕೊಡುತ್ತಿರಲಿಲ್ಲ. ಮುಂಜಾನೆ ಆ ಸುರುಳಿ ಗುರುತು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಹೋಗುತ್ತಿದ್ದುದು ಇದಕ್ಕೇ. ದಿನಾ ನೋಡಿದ್ದೆ, ಅರ್ಥ ಗೊತ್ತಿರಲಿಲ್ಲ.

ಸೆನ್ಸರ್‌ನ ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದರು. ಎರಡು ಪಿನ್ನುಗಳ ನಡುವೆ ಕೂಲಂಟ್ ಜಿನುಗಿ ಹಸಿರು ಕಿಲುಬು ಕಟ್ಟಿತ್ತು. ಈ ಸೆನ್ಸರ್ ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ) ಜಾಸ್ತಿ, ಕಾದಂತೆ ಕಡಿಮೆ. ಹಸಿ ಕಿಲುಬಿನ ಮೂಲಕ ಕರೆಂಟ್ ಅಡ್ಡದಾರಿಯಲ್ಲಿ ಹರಿದರೆ ರೆಸಿಸ್ಟೆನ್ಸ್ ಕಡಿಮೆ ಕಾಣುತ್ತದೆ, ಗಾಡಿ ಅದನ್ನು ಬಿಸಿ ಎಂದುಕೊಳ್ಳುತ್ತದೆ. ಎಂಜಿನ್ ನಿಜವಾಗಿ ಕಾದಾಗ ಈ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ, ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ವೈರ್ ಪೂರ್ತಿ ಕಟ್ಟಾದರೆ ಕೋಡ್ ಬರುತ್ತದೆ, ಶಾರ್ಟ್ ಆದರೂ ಬರುತ್ತದೆ. ಆದರೆ 59 ಎನ್ನುವುದು ಇರಬಹುದಾದ ಸಂಖ್ಯೆಯೇ ಅಲ್ವಾ, ಹಾಗಾಗಿ ನನ್ನ ಗಾಡಿ ಕೋಡ್ ತೋರಿಸಲಿಲ್ಲ. ಹನ್ನೊಂದು ಗಂಟೆಗೆ ಹೋಗಿ ನೂರು ಸಲ ಸ್ಕ್ಯಾನ್ ಮಾಡಿಸಿದರೂ ಇದು ಸಿಗುತ್ತಿರಲಿಲ್ಲ.

ಸೆನ್ಸರ್ ಬಿಚ್ಚಬೇಡಿ ಎಂದು ಮಿಸ್ತ್ರಿಯೇ ಹೇಳಿದರು. ವಾರಂಟಿ ಗಾಡಿಗೆ ಹೊರಗಿನವರು ಕೈ ಹಾಕಿದರೆ ಕಂಪನಿಯವರಿಗೆ ನೆಪ ಸಿಗುತ್ತದೆ. ಸ್ಕ್ರೀನಿನ ಫೋಟೋ ತಗೊಂಡು ಅದೇ ದಿನ ಸರ್ವಿಸ್ ಸೆಂಟರ್‌ಗೆ ಓಡಿದೆ. ತಪ್ಪನ್ನು ಒಪ್ಪಿಕೊಂಡರು. ಆದರೆ ವಾರಂಟಿ ಮುಗಿದು 9 ದಿನ ಆಗಿದೆ ಸರ್ ಎಂದರು. ನವೆಂಬರ್‌ನಿಂದ ಮೂರು ಸಲ ಬಂದಿದ್ದೇನೆ ಎಂದರೆ ಕಂಪ್ಯೂಟರ್ ತೆಗೆದು ತೋರಿಸಿದರು. ಜನರಲ್ ಚೆಕಪ್. ಬ್ಯಾಟರಿ ಬದಲಾವಣೆ. ಫ್ಯೂಯಲ್ ಟ್ಯಾಂಕ್ ಕ್ಲೀನಿಂಗ್. 'ತಣ್ಣಗಿದ್ದಾಗ ಚಾಲೂ ಆಗುವುದಿಲ್ಲ' ಎಂಬ ದೂರು ಎಲ್ಲಿಯೂ ಇಲ್ಲ. ಅವರ ದಾಖಲೆಯ ಪ್ರಕಾರ ನಾನು ಈ ತೊಂದರೆಯನ್ನು ಹೇಳಿಯೇ ಇಲ್ಲ. ಆ ಹೊತ್ತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಗಾಡಿಯನ್ನು ಹಿಂದಿನ ಸಂಜೆಯೇ ಸರ್ವಿಸ್ ಸೆಂಟರ್‌ನಲ್ಲಿ ಬಿಡಿ, ಮರುದಿನದ ಮೊದಲ ಸೆಲ್ಫ್ ನಿಮ್ಮ ಎದುರಿಗೇ, ಸ್ಕ್ಯಾನರ್ ಹಾಕಿಕೊಂಡೇ ಹೊಡೆಯಬೇಕು ಎಂದು ಹಟ ಹಿಡಿಯಿರಿ. ಕೂಲಂಟ್ ಮತ್ತು ಹೊರಗಾಳಿ, ಎರಡರ ಡಿಗ್ರಿಯೂ ಹತ್ತಿರ ಹತ್ತಿರ ಇರಬೇಕು, ಇಲ್ಲದಿದ್ದರೆ ಅಲ್ಲೇ ಹಿಡಿಯಿರಿ. ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತಿನಲ್ಲೇ ದೂರು ಬರೆಸಿ: ರಾತ್ರಿಯಿಡೀ ನಿಂತ ಮೇಲೆ ಮೂರು ಸಲ ಸೆಲ್ಫ್ ಬೇಕು, ಬಿಳಿ ಹೊಗೆ ಬರುತ್ತದೆ, ಹೀಗೆ. ಬರೆಯದಿದ್ದರೆ ಸಹಿ ಹಾಕಬೇಡಿ, ನಕಲು ತಗೊಳ್ಳದೆ ಹೊರಗೆ ಬರಬೇಡಿ. ಮನೆಯಲ್ಲಿ ಎರಡು ಮೂರು ಮುಂಜಾನೆ ವಿಡಿಯೋ ಮಾಡಿ, ಡ್ಯಾಶ್‌ಬೋರ್ಡ್, ಕಿಲೋಮೀಟರ್, ಹಿಂದಿನ ಹೊಗೆ ಎಲ್ಲ ಕಾಣುವಂತೆ, ಅವತ್ತೇ ಅಡ್ವೈಸರ್‌ಗೆ ವಾಟ್ಸಾಪ್ ಮಾಡಿ. ನನ್ನನ್ನು ಅಷ್ಟಿಷ್ಟು ಉಳಿಸಿದ್ದು ಇದೇ.

ಗಾಡಿ ಬಿಡುವ ಮೊದಲು ನೀವೂ ಸ್ವಲ್ಪ ಗಮನಿಸಿ. ಎಂಜಿನ್ ನಿಧಾನವಾಗಿ ಎಳೆದಾಡಿ ತಿರುಗಿದರೆ ಮೊದಲು ಬ್ಯಾಟರಿ, ಸ್ಟಾರ್ಟರ್ ಮೇಲೆ ಅನುಮಾನ ಪಡಿ. ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇದ್ದು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳದಿದ್ದರೆ ಬ್ಯಾಟರಿಗೆ ದುಡ್ಡು ಕೊಡಬೇಡಿ. ಜೋರಾಗಿ ತಿರುಗಿ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್, ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ, ಈ ಸೆನ್ಸರ್, ಎಂಜಿನ್ ಗಾಳಿಯನ್ನು ಎಷ್ಟು ಒತ್ತುತ್ತಿದೆ ಎಂಬುದು (ಕಂಪ್ರೆಷನ್) ನೋಡಿಸಬೇಕು. ಜೋರಾಗಿ ತಿರುಗಿಯೂ ಹೊಗೆಯೇ ಬರದಿದ್ದರೆ ಡೀಸೆಲ್ಲೇ ಬರುತ್ತಿಲ್ಲ: ಪೈಪಿನಲ್ಲಿ ಏರ್ ಹಿಡಿದಿರಬಹುದು, ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್‌ನಿಂದ ಹಿಂದಕ್ಕೆ ಸೋರಿ ಪ್ರೆಷರ್ ಏರದೆ ಇರಬಹುದು.

ನಾನು ಡಿಸೆಂಬರ್‌ನಲ್ಲಿ ಕಳಿಸಿದ್ದ ಎರಡು ವಿಡಿಯೋ, ವಾಟ್ಸಾಪ್ ಮೆಸೇಜಿನ ತಾರೀಖು ಎಲ್ಲ ಜೋಡಿಸಿ ಕಂಪನಿಗೆ ಮೇಲ್ ಬರೆದೆ, 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ ದೂರು ದಾಖಲಿಸಿದೆ. ಹದಿನೈದು ದಿನ ಕಳೆದ ಮೇಲೆ ಸೆನ್ಸರ್ ಮತ್ತು ಕನೆಕ್ಟರ್ ಪುಕ್ಕಟೆ ಹಾಕಿಕೊಟ್ಟರು. ಮರುದಿನ ಆರು ಗಂಟೆಗೆ, 12 ಡಿಗ್ರಿ ಚಳಿಯಲ್ಲಿ, ಸುರುಳಿ ಗುರುತು ಎರಡು ಮೂರು ಸೆಕೆಂಡ್ ನಿಂತು ಆರಿತು, ಒಂದೇ ಸೆಲ್ಫಿಗೆ ಗಾಡಿ ಚಾಲೂ ಆಯಿತು. ಟ್ಯಾಂಕ್ ಕ್ಲೀನಿಂಗ್ ಮತ್ತು ಬ್ಯಾಟರಿಯ 13,800 ರೂಪಾಯಿ ಮಾತ್ರ ಕೊಡುವುದಿಲ್ಲ ಎಂದಿದ್ದಾರೆ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಕಾಲಾವಕಾಶ ಇದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬಿಲ್ಲು, ಜಾಬ್ ಕಾರ್ಡ್, ಆ 59 ಡಿಗ್ರಿಯ ಫೋಟೋ ಎಲ್ಲ ಒಂದು ಫೈಲಿನಲ್ಲಿ ಹಾಕಿ ಇಟ್ಟಿದ್ದೇನೆ, ಅರ್ಜಿ ಬರೆಯುತ್ತಿದ್ದೇನೆ.