ಗೆರೆಯ ಹೊಲಿಗೆಯೋ, ಧಾರವಾಡದ ಕಸೂತಿಯೋ?

ಮನಸ್ಸು ಹಗುರಾಗಲು ಸೂಜಿ ಹಿಡಿಯಬೇಕು ಅನ್ನುವವರಿಗೆ ನನ್ನ ಮೊದಲ ಸಲಹೆ ಗೆರೆಚಿತ್ರ. ಕಾಟನ್ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಎಲೆಯೋ ಹಕ್ಕಿಯೋ ಬರೆಯಿರಿ, ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗ್ ಹಾಕಿ ಗೆರೆಯ ಮೇಲೇ ಹೊಲಿಯಿರಿ. 6 ಎಳೆಯ ದಾರದಲ್ಲಿ 2 ಎಳೆ ಸಾಕು. ನೇರ ಗೆರೆಗೆ ಬ್ಯಾಕ್ ಸ್ಟಿಚ್ (ಪ್ರತಿ ಸಲ ಹಿಂದಕ್ಕೆ ಬಂದು ಹಿಂದಿನ ಹೊಲಿಗೆಗೆ ಸೇರಿಸುವುದು), ಬಾಗಿದ ಗೆರೆಗೆ ಸ್ಟೆಮ್ ಸ್ಟಿಚ್ (ಹೊಸೆದ ಹಗ್ಗದಂತೆ ಕಾಣುವ ಓರೆ ಹೊಲಿಗೆ). ಹೊಲಿಗೆ ಸ್ವಲ್ಪ ಆಚೀಚೆ ಆದರೂ ಹಕ್ಕಿ ಹಕ್ಕಿಯೇ. ಮಾತಾಡುತ್ತಾ ಹೊಲಿಯಬಹುದು.

ಧಾರವಾಡದ ಕಸೂತಿಯ ಗುಣವೇ ಬೇರೆ. ಇಲ್ಲಿ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸುತ್ತಾರೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ 4 ಹೊಲಿಗೆ. ಗವಂತಿ ನನಗೆ ತುಂಬಾ ಇಷ್ಟ: ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವಂತಿಲ್ಲ, ಏಕೆಂದರೆ ಎರಡೂ ಬದಿ ಒಂದೇ ಥರ ಕಾಣಬೇಕು. ಎಷ್ಟು ಚೆಂದದ ಯೋಚನೆ ಅಲ್ವಾ! ಆದರೆ ಒಂದು ಎಳೆ ತಪ್ಪಿದರೂ ಹೊಲಿಯುತ್ತಿರುವ ಗೋಪುರದ ಚಿತ್ತಾರ ವಾಲುತ್ತದೆ, ಬಿಚ್ಚಲೇಬೇಕು. ಕಣ್ಣಿಗೂ ಶ್ರಮ ಜಾಸ್ತಿ.

ದಣಿದ ಸಂಜೆಗಳಿಗೆ ಗೆರೆಚಿತ್ರವೇ ಸರಿ. ತಲೆಯಲ್ಲಿ ಯೋಚನೆಗಳು ನಿಲ್ಲುತ್ತಲೇ ಇಲ್ಲ ಅಂದರೆ ಕಸೂತಿ ಹಿಡಿಯಿರಿ; ಎಣಿಸುವಾಗ ಬೇರೇನೂ ನೆನಪಾಗುವುದಿಲ್ಲ. ಇಳಕಲ್ ಸೀರೆಗೆ ಈಗಲೇ ಕೈ ಹಾಕಬೇಡಿ, ಎಳೆ ಎದ್ದು ಕಾಣುವ ಮ್ಯಾಟಿ ಬಟ್ಟೆಯಲ್ಲಿ ಪುಟ್ಟ ತುಳಸಿಕಟ್ಟೆಯಿಂದ ಶುರು ಮಾಡಿ.