ಹಲಸಿಗೆ ಐಡಿಯಾ: ಮೂರು ಕಡೆ ಕೇಳಿದೆ, ಒಂದು ಕಡೆ ಸಿಕ್ಕಿತು

ಮೊದಲೇ ಹೇಳಿಬಿಡುತ್ತೇನೆ, ಆನ್‌ಲೈನ್ ಕಾರ್ಯಾಗಾರ, ಎಐ ಚಾಟ್‌ಬಾಟ್, ಕೃಷಿಕರ ಮೊಬೈಲ್ ಗುಂಪು, ಈ ಮೂರರಲ್ಲಿ ನನ್ನ ಓಟು ಗುಂಪಿಗೆ. 999 ರೂಪಾಯಿ ಕಟ್ಟಿ ಒಂದು ಆನ್‌ಲೈನ್ ಕಾರ್ಯಾಗಾರಕ್ಕೆ ಕೂತ ಮೇಲೆ ಬಂದ ಬುದ್ಧಿ ಇದು.

ನಮ್ಮದು ಪುತ್ತೂರಿನ ಕಡೆ. ತೋಟದಲ್ಲಿ 4 ಹಲಸಿನ ಮರ, ಅದರಲ್ಲಿ 3 ತುಳುವೆ, ಅಂದರೆ ಮೆತ್ತಗಿನ ತೊಳೆಯ ಜಾತಿ. ಮೇ ಕೊನೆಗೆ ಹಣ್ಣು ದಬದಬ ಬೀಳಲು ಶುರು. ತಿಂದು, ಹಂಚಿ, ದನಕ್ಕೆ ಹಾಕಿದರೂ ಮುಗಿಯುವುದಿಲ್ಲ. ಏನಾದರೂ ಮಾಡಿ ಮಾರೋಣ ಅಂತ ಐಡಿಯಾ ಹುಡುಕಿ ಹೊರಟೆ.

ಕಾರ್ಯಾಗಾರದಲ್ಲಿ ಎರಡು ಗಂಟೆ ಸ್ಲೈಡು ನೋಡಿದ್ದಾಯಿತು. ಸೊಳೆಯನ್ನು, ಅಂದರೆ ತೊಳೆಯನ್ನು, ಬಿಸಿಲಿಗೆ ಒಣಗಿಸಿ ಪುಡಿ ಮಾಡಿ ಅಂದರು. ಜೂನ್‌ನಲ್ಲಿ, ದಕ್ಷಿಣ ಕನ್ನಡದಲ್ಲಿ, ಬಿಸಿಲಿಗೆ! ನಮ್ಮಲ್ಲಿ ಆಗ ಒಗೆದ ಬನಿಯನ್ನೇ ಮೂರು ದಿನ ಒಣಗುವುದಿಲ್ಲ.

ಎಐ ಚಾಟ್‌ಬಾಟ್ ಬಿಟ್ಟಿ. ಅರೆ ನಿಮಿಷದಲ್ಲಿ 25 ಐಡಿಯಾ ಸುರಿಯಿತು. ಮೊದಲನೆಯದೇ ಚಿಪ್ಸ್. ಚಿಪ್ಸ್‌ಗೆ ಬೇಕಾದ್ದು ಬಲಿತ ಬಕ್ಕೆ, ಅಂದರೆ ಗಟ್ಟಿ ತೊಳೆಯ ಜಾತಿಯ ಕಾಯಿ. ಹಣ್ಣಾಗಿ ಬಿದ್ದ ತುಳುವೆ ಕೈಯಲ್ಲಿ ಹಿಡಿದರೇ ಜಾರುತ್ತದೆ. ತುಳುವೆ ಅಂತ ನಾನು ಹೇಳಿರಲಿಲ್ಲ, ಅದು ಕೇಳಲೂ ಇಲ್ಲ.

ಗುಂಪಿನಲ್ಲಿ ಬಂದ ಮೊದಲ ಮಾತೇ, "ತುಳುವೆಯಾ, ಬಕ್ಕೆಯಾ?" ಇಷ್ಟು ಸಾಕಲ್ವಾ?

ಹಾಗಂತ ಗುಂಪು ಸಲೀಸು ಅಂದುಕೊಳ್ಳಬೇಡಿ. ಅಲ್ಲಿನ ದೊಡ್ಡ ತಲೆನೋವು ಧ್ವನಿ ಸಂದೇಶ. ನಿಜವಾಗಿ ಗೊತ್ತಿರುವವರು ಯಾರೂ ಟೈಪ್ ಮಾಡುವುದಿಲ್ಲ, ಮಾತಾಡುತ್ತಾರೆ. ನಾಲ್ಕು ನಿಮಿಷದ ಸಂದೇಶದಲ್ಲಿ ಮೊದಲ ನಿಮಿಷ ನಮಸ್ಕಾರ, ಮಳೆ ಸುದ್ದಿ, ಹಿಂದೆ ಕೋಳಿ ಕೂಗು. ಉಪ್ಪಿನಲ್ಲಿ ಹಾಕಿಡುವ ಸೊಳೆಗೆ ಎಷ್ಟು ಉಪ್ಪು ಅನ್ನುವುದು ಮೂರನೇ ನಿಮಿಷದಲ್ಲಿ ಎಲ್ಲೋ ಬಂದು ಹೋಗುತ್ತದೆ. ಒಂದು ವಾರದ ನಂತರ ಅದನ್ನು ಹುಡುಕಿ ನೋಡೋಣ! "ಉಪ್ಪು" ಅಂತ ಹುಡುಕಿದರೆ ಸಿಗುವುದು ಯಾರೋ ಬರೆದ "ಅದಕ್ಕೆ ಸ್ವಲ್ಪ ಉಪ್ಪು ಹಾಕಿ" ಮಾತ್ರ. ಯಾವುದಕ್ಕೆ? ದೇವರೇ ಬಲ್ಲ. ಕೊನೆಗೆ ನಾನು ರಾತ್ರಿ ಊಟವಾದ ಮೇಲೆ ಇಯರ್‌ಫೋನ್ ಹಾಕಿ, ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾ ಹಳೆ ಡೈರಿಯಲ್ಲಿ ಬರೆದುಕೊಂಡೆ. ಹತ್ತು ದಿನ ಹಿಡಿಯಿತು.

ಇನ್ನೊಂದು ತೊಡಕು. ಗುಂಪಿನಲ್ಲಿ ಒಬ್ಬರು "ಹಪ್ಪಳ" ಅಂದರೆ ಮುಗಿಯಿತು, ಉಳಿದವರೆಲ್ಲ ಹಪ್ಪಳದ ಹಿಂದೆಯೇ. ಇದು ನಮ್ಮವರ ದೋಷ ಮಾತ್ರ ಅಲ್ಲ. 1958ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿ ನೋಡಿದ್ದರು: ನಾಲ್ವರು ಒಟ್ಟಿಗೆ ಕೂತು ಯೋಚಿಸಿದ್ದಕ್ಕಿಂತ, ಬೇರೆ ಬೇರೆ ಕೂತ ನಾಲ್ವರ ಐಡಿಯಾ ಕೂಡಿಸಿದಾಗ ಜಾಸ್ತಿ ಬಂತು. ಹಾಗಾಗಿ ಹಳೆ ಸಂದೇಶಗಳಲ್ಲಿ ಚೆನ್ನಾಗಿ ಮಾತಾಡಿದ ಆರು ಜನರನ್ನು ಆರಿಸಿ, ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಅದೇ ಪ್ರಶ್ನೆ ಕಳಿಸಿದೆ.

ಇಬ್ಬರು ಮಾಂಬಳ (ಹಣ್ಣಿನ ರಸ ಬಿಸಿಲಿಗೆ ಒಣಗಿಸಿದ ಹಾಳೆ) ಅಂದರು. ಮತ್ತೆ ಬಿಸಿಲು! ಹಪ್ಪಳದ ಗದ್ದಲದಲ್ಲಿ ಬಾಯಿ ಬಿಡದ ಒಬ್ಬ ಅಜ್ಜಿ ಮಾತ್ರ ಹೇಳಿದರು: "ಬೆರಟಿ ಕಾಸು ಮಗಾ. ಒಲೆ ಇದ್ದರೆ ಸಾಕು, ಸೂರ್ಯ ಬೇಡ." ಬೆರಟಿ ಅಂದರೆ ತುಳುವೆ ತೊಳೆಯ ನಾರು ತೆಗೆದು, ಬೆಲ್ಲ ಹಾಕಿ, ತಳ ಬಿಡುವವರೆಗೆ ಮಗುಚುವುದು. ಪಾಯಸಕ್ಕೆ ವರ್ಷವಿಡೀ ಆಗುತ್ತದೆ. ನಮ್ಮ ಅಮ್ಮನೂ ಮಾಡುತ್ತಿದ್ದರು, ನನಗೇ ಮರೆತುಹೋಗಿತ್ತು.

ನನ್ನ ಹತ್ತಿರ ಸಮಯ ಇದೆ, ದುಡ್ಡಿಲ್ಲ. ಅದಕ್ಕೇ ಗುಂಪು. ನಿಮಗೆ ಅವಸರವಿದ್ದರೆ ಚಾಟ್‌ಬಾಟ್‌ನಿಂದ ಪಟ್ಟಿ ಮಾಡಿಸಿ, ಅದನ್ನು ಗುಂಪಿಗೆ ಹಾಕಿ. ಯಾವುದು ಆಗದು ಅಂತ ಐದೇ ನಿಮಿಷದಲ್ಲಿ ಹೊಡೆದು ಹಾಕುತ್ತಾರೆ. ಕಾರ್ಯಾಗಾರ ಬೇಡವೇ ಬೇಡ.

ಈ ಸಲ 6 ಕಿಲೋ ಬೆರಟಿ ಆಯಿತು. 2 ಕಿಲೋ ಮಾರಿದೆ, ಉಳಿದದ್ದು ನೆಂಟರ ಪಾಲು. ಆ 999 ರೂಪಾಯಿ ಇನ್ನೂ ಪೂರ್ತಿ ಹುಟ್ಟಿಲ್ಲ.