ಘಾಟಿ ಇಳಿಯುವ ಪಿಕಪ್‌ಗೆ ಯಾವ ಬ್ರೇಕ್ ಪ್ಯಾಡ್?

ಬೊಲೆರೊ ಪಿಕಪ್‌ನ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್. ಬ್ರೇಕ್ ತುಳಿದೊಡನೆ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಮುಂದಿನ ಪ್ಯಾಡ್‌ಗಳ ಮೇಲೆ ಹೆಚ್ಚಿನ ಹೊರೆ ಬೀಳುತ್ತದೆ. ತೀರ್ಥಹಳ್ಳಿಯ ಕಡೆಯಿಂದ ಅಡಿಕೆ ಮೂಟೆ ಹೇರಿಕೊಂಡು ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವ ಗಾಡಿಯಲ್ಲಂತೂ ಅವು ಬಹುಬೇಗ ಸವೆಯುತ್ತವೆ. ನಮ್ಮ ಗಾಡಿಗೆ ಆರ್ಗ್ಯಾನಿಕ್, ಸೆಮಿ-ಮೆಟಾಲಿಕ್ ಮತ್ತು ಸೆರಾಮಿಕ್ ಎಂಬ ಮೂರು ಬಗೆಯ ಪ್ಯಾಡ್‌ಗಳನ್ನು ಒಂದಾದ ಮೇಲೊಂದರಂತೆ ಮನೆಯಂಗಳದಲ್ಲಿಯೇ ಹಾಕಿ, ಅದೇ ದಾರಿಯಲ್ಲಿ ಅದೇ ಬಗೆಯ ಹೊರೆಯೊಂದಿಗೆ ಓಡಿಸಿ ನೋಡಿದ್ದೇನೆ.

ಆರ್ಗ್ಯಾನಿಕ್ ಪ್ಯಾಡ್ ಎಲ್ಲಕ್ಕಿಂತ ಅಗ್ಗ, ಸದ್ದಿಲ್ಲ, ಡಿಸ್ಕನ್ನೂ ಹೆಚ್ಚು ಸವೆಸುವುದಿಲ್ಲ. ಖಾಲಿ ಗಾಡಿಯಲ್ಲಿ ಪೇಟೆ ಸುತ್ತುವವರಿಗೆ ಅದರಲ್ಲಿ ಯಾವ ಕೊರತೆಯೂ ಕಾಣದು. ಹೊರೆಯೊಂದಿಗೆ ಘಾಟಿಯ ಅರ್ಧ ಇಳಿಯುವಷ್ಟರಲ್ಲಿ ಮಾತ್ರ ಅದರ ಹಿಡಿತ ಸಡಿಲವಾಗುತ್ತದೆ: ನಾರು, ಪುಡಿಗಳನ್ನು ಅಂಟಿಸಿ ಹಿಡಿದಿರುವ ರಾಳವು ಕಾವಿಗೆ ಅನಿಲ ಬಿಟ್ಟು, ಪ್ಯಾಡ್‌ಗೂ ಡಿಸ್ಕ್‌ಗೂ ನಡುವಿನ ಘರ್ಷಣೆಯನ್ನೇ ತಗ್ಗಿಸುತ್ತದೆ. ಆಗ ಪೆಡಲ್ ಕಾಲಿಗೆ ಗಟ್ಟಿಯಾಗಿಯೇ ಇರುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾಗಿ ತಳಕ್ಕಿಳಿದರೆ ಅದು ಬ್ರೇಕ್ ಆಯಿಲ್ ಕುದಿದುದರ ಲಕ್ಷಣ; ಈ ಎರಡನ್ನೂ ಒಂದೇ ಎಂದು ತಿಳಿಯಬಾರದು.

ಕೊಳ್ಳುವಾಗ ಬೆಲೆಗಿಂತ ಮೊದಲು ಪ್ಯಾಡ್‌ನ ಅಂಚಿನಲ್ಲಿ ಮುದ್ರಿತವಾಗಿರುವ ಎರಡು ಇಂಗ್ಲಿಷ್ ಅಕ್ಷರಗಳನ್ನು ನೋಡುವುದು ಒಳ್ಳೆಯದು. ಮೊದಲನೆಯದು ಸಾಮಾನ್ಯ ಕಾವಿನಲ್ಲಿನ ಘರ್ಷಣಾಂಕವನ್ನೂ (ಹಿಡಿತದ ಅಳತೆ) ಎರಡನೆಯದು ಹೆಚ್ಚು ಕಾವಿನಲ್ಲಿನದನ್ನೂ ಸೂಚಿಸುತ್ತದೆ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನ ದರ್ಜೆಯದಾಗಿದ್ದರೆ ಅಂಥ ಪ್ಯಾಡ್ ಘಾಟಿಗೆ ಬೇಡ. ಯಾವ ಗುರುತೂ ಇಲ್ಲದ ಅಗ್ಗದ ಮಾಲನ್ನು ನಾನು ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಬಳಕೆಗೆ ಪೂರ್ಣ ನಿಷೇಧವಿಲ್ಲದಿರುವುದರಿಂದ ಅಂಥ ಪ್ಯಾಡ್‌ನ ದೂಳಿನಲ್ಲಿ ಏನಿದೆಯೆಂದು ಹೇಳಲಾಗದು.

ಸೆರಾಮಿಕ್ ಪ್ಯಾಡ್ ಊರಿನ ಅಂಗಡಿಗಳಲ್ಲಿ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಾಯಿತು. ಬೆಲೆಯೂ ಮೂರರಲ್ಲಿ ಹೆಚ್ಚು. ಸದ್ದು ಇಲ್ಲವೆನ್ನುವಷ್ಟು ಕಡಿಮೆ, ಚಕ್ರದ ಮೇಲೆ ಕಪ್ಪು ದೂಳು ಕೂರುವುದಿಲ್ಲ, ಪೆಡಲ್ ಎಲ್ಲ ವೇಳೆಯಲ್ಲೂ ಒಂದೇ ಹದದಲ್ಲಿರುತ್ತದೆ. ಆದರೆ ಸೆರಾಮಿಕ್ ಕಾವನ್ನು ಅಷ್ಟಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಅದೆಲ್ಲವೂ ಡಿಸ್ಕ್‌ನಲ್ಲೇ ಉಳಿಯುತ್ತದೆ, ಮತ್ತು ತುಂಬಿದ ಪಿಕಪ್‌ನ ವಿಷಯದಲ್ಲಿ ಅದು ಸಣ್ಣ ಮಾತಲ್ಲ. ಸೆಮಿ-ಮೆಟಾಲಿಕ್ ಇದಕ್ಕೆ ತದ್ವಿರುದ್ಧ. ಅದರ ತೂಕದಲ್ಲಿ ಸಾಮಾನ್ಯವಾಗಿ ಶೇ. 30ರಿಂದ 65ರವರೆಗೆ ಲೋಹವಿರುವುದರಿಂದ ಅದು ಡಿಸ್ಕ್‌ನ ಕಾವನ್ನು ಎಳೆದುಕೊಳ್ಳುತ್ತದೆ, ಕೊನೆಯ ತಿರುವಿನಲ್ಲೂ ಮೊದಲ ತಿರುವಿನ ಹಿಡಿತವನ್ನೇ ಕೊಡುತ್ತದೆ. ಬೆಳಗಿನ ಚಳಿಯಲ್ಲಿ ಕಿರುಗುಡುತ್ತದೆ, ಚಕ್ರವನ್ನು ಮಸಿ ಮಾಡುತ್ತದೆ, ಡಿಸ್ಕನ್ನು ಹೆಚ್ಚು ತಿನ್ನುತ್ತದೆ. ಆದರೂ ನನ್ನ ಆಯ್ಕೆ ಅದೇ.

ಸೆಮಿ-ಮೆಟಾಲಿಕ್ ಹಾಗೆ ಎಳೆದುಕೊಂಡ ಕಾವು, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಮೂಲಕ ಬ್ರೇಕ್ ಆಯಿಲ್‌ಗೆ ತಲುಪುತ್ತದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಡಾಟ್ 4 ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಆಯಿಲ್‌ಗೆ ಈ ಮಿತಿ 155 ಡಿಗ್ರಿಯಷ್ಟೇ. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ತೇವದ ಬಗ್ಗೆ ವಿವರಿಸಬೇಕಿಲ್ಲ. ಆದ್ದರಿಂದ ಸೆಮಿ-ಮೆಟಾಲಿಕ್ ಹಾಕುವವರು ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಲೇಬೇಕು.

ಬಿಚ್ಚಿ ಜೋಡಿಸುವ ಕೆಲಸ ಮೂರಕ್ಕೂ ಒಂದೇ: ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ, ಜಾಕ್‌ನ ಜೊತೆಗೆ ತಪ್ಪದೆ ಸ್ಟ್ಯಾಂಡ್, ಬಿಚ್ಚಿದ ಕ್ಯಾಲಿಪರನ್ನು ಹೋಸ್‌ಗೆ ಜೋತುಬಿಡದೆ ತಂತಿಯಿಂದ ಕಟ್ಟುವುದು. ಕ್ಯಾಲಿಪರ್‌ನಲ್ಲಿ ಪ್ಯಾಡನ್ನು ಒತ್ತುವ ಪಿಸ್ಟನ್ ಒಳಗೆ ತಳ್ಳಲು ಸಿ-ಕ್ಲ್ಯಾಂಪನ್ನೂ ಅದಕ್ಕೆಂದೇ ಬರುವ ಸ್ಪ್ರೆಡರನ್ನೂ ಬಳಸಿದ್ದೇನೆ. ಎರಡು ಪಿಸ್ಟನ್ ಇರುವ ಕ್ಯಾಲಿಪರ್‌ನಲ್ಲಿ ಒಂದನ್ನು ಒತ್ತಿದರೆ ಇನ್ನೊಂದು ಹೊರಬರುವುದರಿಂದ ಸಿ-ಕ್ಲ್ಯಾಂಪ್ ಬಳಸುವವರು ಹಳೆಯ ಪ್ಯಾಡನ್ನು ಎರಡಕ್ಕೂ ಅಡ್ಡವಾಗಿಟ್ಟು ಒತ್ತಬೇಕು. ಹೀಗೆ ಮಾಡಿದರೆ ಸ್ಪ್ರೆಡರ್‌ಗೆ ಹಣ ಹಾಕುವ ಅಗತ್ಯವೇ ಇಲ್ಲ. ಪಿಸ್ಟನ್ ಹಿಂದೆ ಸರಿದಂತೆ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ, ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ. ಚಕ್ರ ಹಾಕಿದ ಬಳಿಕ, ಗಾಡಿ ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ತುಳಿಯಬೇಕು.

ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಮತ್ತೆ ಮತ್ತೆ ಇಳಿಸಿ, ನಡುನಡುವೆ ಆರಲು ಬಿಡಬೇಕು. ಸೆಮಿ-ಮೆಟಾಲಿಕ್ ಇದಕ್ಕೆ ಸೆರಾಮಿಕ್‌ಗಿಂತ ಹೆಚ್ಚು ಹೊತ್ತು ಕೇಳಿತು. ಅಲ್ಲಿಯವರೆಗೆ ಗಾಡಿಗೆ ಹೊರೆ ಹೇರಲಿಲ್ಲ.